ಮೂರು ಜಲಪಾತಗಳು ಮತ್ತು ನನ್ನ ಮಾವನವರ ಸ್ನಾನ

ಸಾವಿರದ ಒಂಬೈನೂರ ನಲವತ್ತೊಂಬತ್ತನೆಯ ಇಸವಿ, ನಾಗರಪಂಚಮಿ ಮುಗಿದ ಮೇಲಿನ ಭಾನುವಾರ, ಬೆಳಿಗ್ಗೆ ಆರು ಗಂಟೆ. ಕುರುಗೋಡಿನಲ್ಲಿ ಮಾವನವರ ಮನೆಯ ಕಟ್ಟೆಯ ಮೇಲೆ ನಿಂತು ಆ ದಿನದ ಕಾರ್ಯಕ್ರಮವನ್ನು ಘೋಷಿಸಿದೆ.

"ಇವತ್ತು ಮನ್ಯಾಗ ಯಾರೂ ಸ್ನಾನ ಮಾಡಬ್ಯಾಡ್ರಿ. ಗುಡ್ಡದ ಮ್ಯಾಲೆ ಮೂರು ಜಲಪಾತ ಅದಾವು. ಮೂರನೇದರ ಕೆಳಗ ಸ್ನಾನ, ಅಲ್ಲೇ ಲಿಂಗಪೂಜಿ, ಆಮ್ಯಾಲೆ ಊಟ!"

ಮಾವನವರು ಗುಡ್ಡವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಆಗ್ಲಿ ಬಿಡ್ರಿ," ಎಂದರು. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಅವರು ಒಂದು ತುತ್ತೂ ಬಾಯಿಗಿಡುವವರಲ್ಲ. ಈ ಸಂಗತಿ ನನಗೆ ಚೆನ್ನಾಗಿ ತಿಳಿದಿತ್ತು. ಅದರ ಪರಿಣಾಮ ಮಾತ್ರ ತಿಳಿದಿರಲಿಲ್ಲ!

ನಾನು ಕುರುಗೋಡಿಗೆ ಹೋದದ್ದು ಗುಡ್ಡ ನೋಡಲಿಕ್ಕಲ್ಲ, ಹೆಂಡತಿಯನ್ನು ಕರೆತರಲಿಕ್ಕೆ. ಮದುವೆಯಾದ ವರ್ಷ. ಆಷಾಢಕ್ಕೆಂದು ತವರಿಗೆ ಬಂದಿದ್ದ ನೀಲಾ ಪಂಚಮಿಗೂ ಅಲ್ಲೇ ಉಳಿದಿದ್ದಳು. ನಾನು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಾಡಿಗೆ ಮನೆ ಹಿಡಿದು, ಒಲೆ ಹಾಕಿಸಿ, ಹಗ್ಗದ ಮಂಚ ಕೊಂಡು ಕಾಯುತ್ತಿದ್ದೆ. ಮಾವನವರು, "ಗೌರಿ ಹುಣ್ಣಿವಿ ಆಗ್ಲಿ, ಕಳಸೋಣು," ಎಂದುಬಿಟ್ಟಿದ್ದರು. ಗೌರಿ ಹುಣ್ಣಿಮೆ ಇನ್ನೂ ಮೂರು ತಿಂಗಳ ಮೇಲಿತ್ತು! ಅಳಿಯ ವ್ಯವಸ್ಥೆಯ ಮನುಷ್ಯ, ಸಂಸಾರ ನಡೆಸಬಲ್ಲ ಎಂದು ಅವರಿಗೆ ತೋರಿಸಲೇಬೇಕಿತ್ತು. ಅದಕ್ಕೆ ಈ ಯಾತ್ರೆ.

ಜಲಪಾತಗಳನ್ನು ನಾನು ಕಣ್ಣಾರೆ ಕಂಡಿದ್ದೆ. ಹಿಂದಿನ ತಿಂಗಳು ಬಂದಾಗ ಗುಡ್ಡದ ಬಂಡೆಗಳ ಮೇಲಿಂದ ಮೂರು ಬಿಳಿ ಧಾರೆಗಳು ಇಳಿಯುತ್ತಿದ್ದವು. ತಾರೀಖು ಹಾಕಿ ಡೈರಿಯಲ್ಲಿ ಬರೆದುಕೊಂಡಿದ್ದೆ. ಆ ದಿನ ಮುಂಜಾನೆಯೆಲ್ಲ ಮಳೆ ಸುರಿದಿತ್ತು ಎಂಬುದನ್ನು ಬರೆದುಕೊಂಡಿರಲಿಲ್ಲ.

ಹೊರಟೆವು. ಮುಂದೆ ನಾನು, ನಡುವೆ ಮಾವನವರು, ಹಿಂದೆ ಬುತ್ತಿಯ ಗಂಟು ಹೊತ್ತ ನೀಲಾ. ಕೊಡದಲ್ಲಿ ನೀರು ಒಯ್ಯೋಣವೆಂದಳು. ನಾನು ನಕ್ಕೆ. ಜಲಪಾತಕ್ಕೆ ನೀರು ಹೊತ್ತುಕೊಂಡು ಹೋದರೆ ನೋಡಿದವರು ಏನೆಂದಾರು! ಅವಳು ಕುಡಿಯುವುದಕ್ಕೆಂದು ಒಂದು ತಂಬಿಗೆ ಮಾತ್ರ ತಂದಳು.

ಬಿಸಿಲೇರುವ ಹೊತ್ತಿಗೆ ಮೊದಲನೆಯ ಜಲಪಾತ ಸಿಕ್ಕಿತು. ಬಂಡೆಯ ಮೇಲೆ ಕಪ್ಪು ಕಲೆ ಇತ್ತು. ನೀರಿರಲಿಲ್ಲ.

"ಇದು ಸಣ್ಣದು," ಎಂದೆ.

ಎರಡನೆಯದರಲ್ಲಿ ನೀರಿತ್ತು. ತೊಟ್ಟಿಕ್ಕುತ್ತಿತ್ತು. ಒಂದು ಆಡು ನಾಲಿಗೆ ಚಾಚಿ ಮುಂದಿನ ಹನಿಗಾಗಿ ಕಾಯುತ್ತಿತ್ತು.

ನೀಲಾ ತಂದೆಯ ಕಡೆ ತಿರುಗಿ, "ಯಪ್ಪಾ, ಇಲ್ಲಿ ತಂಬಿಗಿ ಇಟ್ಟು ಹೋಗೋಣೇನು? ಸಂಜಿತನ ತುಂಬತೈತಿ," ಎಂದಳು.

"ಸುಮ್ನಿರವಾ. ಅಳಿಯಂದ್ರು ಮೂರನೇದು ಅಂದಾರ," ಎಂದರು ಮಾವನವರು. ಅವರ ದನಿ ಬತ್ತಿತ್ತು. ಗಂಟಿನಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು.

ನೆತ್ತಿ ಸುಡುವ ಹೊತ್ತಿಗೆ ಗುಡ್ಡದ ತುದಿ ಮುಟ್ಟಿದೆವು. ಮೂರನೆಯ ಜಲಪಾತದ ಜಾಗದಲ್ಲಿ ಒಂದು ಓತಿಕ್ಯಾತ ಬಿಸಿಲಿಗೆ ಮೈ ಕಾಯಿಸುತ್ತಿತ್ತು. ಗಮನ ಬೇರೆಡೆ ತಿರುಗಿಸುವುದು ಜಾಣತನವೆಂದು ಕೈ ಚಾಚಿದೆ.

"ನೋಡ್ರಿ ಮಾವಾ, ಏನ್ ಕಣಿವಿ! ಏನ್ ಎರೆಭೂಮಿ! ಅಕಾ ಅಲ್ಲಿ, ಸಿರುಗುಪ್ಪದ ಕಡಿ..."

"ಸಿರುಗುಪ್ಪ ಇರ್ಲಿ," ಎಂದಳು ನೀಲಾ. "ಅಪ್ಪಗ ಕಣ್ಣು ಕತ್ತಲಿ ಬರಾಕತ್ತೈತಿ. ನೀರು ಎಲ್ಲೈತಿ ತೋರಸ್ರಿ!"

ಮಾವನವರು ಬಂಡೆಗೆ ಒರಗಿ ಕುಳಿತಿದ್ದರು. ನನಗೆ ನಿಜವಾಗಿಯೂ ಭಯವಾಯಿತು. ತಂಬಿಗೆಯ ನೀರನ್ನು ಅವರ ಕೈಗೆ ಕೊಟ್ಟು, "ಒಂದು ರೊಟ್ಟಿಯಾದ್ರೂ ತಿನ್ರಿ," ಎಂದು ಬೇಡಿಕೊಂಡೆ. ನೀರು ಕುಡಿದರು. ರೊಟ್ಟಿ ಮಾತ್ರ ಬೇಡವೆಂದು ತಲೆಯಾಡಿಸಿದರು.

ಕೂಡಲೇ ಒಂದು ಹತ್ತಿರದ ದಾರಿಯನ್ನು ಕಂಡುಹಿಡಿದೆ. ಆಡುಗಳು ಮಾಡಿದ ದಾರಿ. ಆಡುಗಳಿಗೆ ಅದು ಅನುಕೂಲವಾಗಿತ್ತು. ಮಾವನವರು ಕೂತು ಜಾರಿದರು, ನಾನು ಕೂರದೆಯೇ ಜಾರಿದೆ! ಪಂಚೆ ಎರಡು ಭಾಗವಾಯಿತು. ಇಳಿದು ನೋಡಿದರೆ ಊರಿಲ್ಲ. ನಾವು ಗುಡ್ಡದ ಆಚೆ ಬದಿಗೆ ಬಂದಿದ್ದೆವು.

ಆದರೆ ಅಲ್ಲೊಂದು ಹೊಲ. ಹೊಲದಲ್ಲಿ ಬಾವಿ. ಬಾವಿಯ ಮೇಲೆ ಕಪಿಲೆ! ಎತ್ತುಗಳು ಹಗ್ಗ ಎಳೆದಂತೆ ಕಬ್ಬಿಣದ ಬಾನಿ ಮೇಲೆ ಬಂದು, ದಡದಡನೆ ನೀರನ್ನು ಕಾಲುವೆಗೆ ಸುರಿಯುತ್ತಿತ್ತು. ಮಾವನವರು ನೇರವಾಗಿ ಹೋಗಿ ಅದರ ಕೆಳಗೆ ಕುಳಿತರು. ಮೂರು ಬಾನಿ ತಲೆಯ ಮೇಲೆ ಬಿದ್ದ ನಂತರ ಕಣ್ಣು ಬಿಟ್ಟು ಕೇಳಿದರು: "ಅಳಿಯಂದ್ರ, ಇದು ನಿಮ್ಮ ಎಷ್ಟನೇ ಜಲಪಾತರೀ?"

ಎತ್ತು ಹೊಡೆಯುತ್ತಿದ್ದ ರೈತ ನಗು ತಡೆಯಲಾರದೆ ಹಗ್ಗದ ಮೇಲೆ ಕೂತುಬಿಟ್ಟ.

ಪೂಜೆಯಾಯಿತು. ಬೇವಿನ ನೆರಳಲ್ಲಿ ಗಂಟು ಬಿಚ್ಚಿದೆವು. ಒಣಗಿದ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ, ಹುಳಿಯೇರಿದ ಮೊಸರು. ಆಮೇಲೆ ಎಷ್ಟೋ ಊಟ ಮಾಡಿದ್ದೇನೆ, ಅಂಥದ್ದು ಮತ್ತೆ ಸಿಕ್ಕಿಲ್ಲ. ಒದ್ದೆ ತಲೆಯ ಮಾವನವರು ತಮ್ಮ ರೊಟ್ಟಿ ಮುರಿದು ಅರ್ಧವನ್ನು ನನ್ನ ಎಲೆಗೆ ಹಾಕಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ಗುಡ್ಡದಾಗ ನೀರಿಲ್ಲ ಅಂತ ನಿಮಗ ಮದ್ಲ ಗೊತ್ತಿತ್ತೇನ್ರಿ?" ಎಂದು ಕೇಳಿದೆ.

"ಹುಟ್ಟಿದಾಗಿಂದ ಈ ಊರಾಗ ಅದೀನಿ, ಗೊತ್ತಿರಂಗಿಲ್ಲೇನು? ಹೊಸಾ ಅಳಿಯಾಗ ಇಲ್ಲ ಅನ್ನಾಕ ಬರ್ತೈತೇನ್ರಿ?" ಎಂದರು.

ಉಳಿದ ರೊಟ್ಟಿ ಮುಗಿಸಿ, ಕೈ ತೊಳೆದು ಮತ್ತೆ ಹೇಳಿದರು: "ನಾಳೆನ ನೀಲವ್ವನ್ನ ಕರಕೊಂಡು ಹೋಗ್ರಿ."

ನನ್ನ ಎದೆ ಉಬ್ಬಿತು! ಗುಡ್ಡ ಹತ್ತಿದ್ದು ಸಾರ್ಥಕವಾಯಿತು, ಅಳಿಯನ ಯೋಗ್ಯತೆ ತಿಳಿಯಿತು ಎಂದುಕೊಂಡೆ.

ಅವರು ಮಗಳ ಕಡೆ ತಿರುಗಿ ಮುಂದುವರಿಸಿದರು: "ಹೋಗವಾ. ಇವರನ್ನ ಅಷ್ಟು ದೊಡ್ಡ ಊರಾಗ ಒಬ್ಬರನ್ನ ಬಿಡೋದು ಛಲೋ ಅಲ್ಲ."

ಕುರುಗೋಡು ಗುಡ್ಡದಲ್ಲಿ ಮಳೆ ಇಲ್ಲದ ದಿನವೂ ನೀರು ಬೀಳುವುದನ್ನು ಕಂಡವರು ಯಾರಾದರೂ ಇದ್ದರೆ ದಯಮಾಡಿ ಬರೆದು ತಿಳಿಸಬೇಕು. ಕಾಗದವನ್ನು ನನ್ನ ಹೆಂಡತಿಯ ಹೆಸರಿಗೇ ಹಾಕಿ. ನನ್ನ ಹೆಸರಿಗೆ ಬಂದರೆ, ನಾನೇ ಬರೆದುಕೊಂಡೆ ಎನ್ನುತ್ತಾಳೆ.