ಸದ್ದು ಮಾಡದ ತಾಟು

ಮೌನಶ್ರೀ ಪಾತ್ರೆ ಕಂಪನಿಯ ವ್ಯವಸ್ಥಾಪಕ ಮಹಾಶಯರಿಗೆ,

ಮಾನ್ಯರೇ,

ಮಸಗುಪ್ಪಿಯ ಹಾಲಿನ ಸಂಘದ ಕಾರ್ಯದರ್ಶಿಯೂ, ತುಸು ಕಬ್ಬು ಮತ್ತು ಒಂದಿಷ್ಟು ಕುರಿಗಳ ಒಡೆಯನೂ ಆದ ಸತ್ಯಪ್ಪನೆಂಬ ನಾನು ತಮಗೆ, ತಮ್ಮ ಕಾರ್ಖಾನೆಯ ಅಚ್ಚುಗಳಿಗೆ, ಆ ಅಚ್ಚುಗಳಿಂದ ಹೊರಬಿದ್ದ ಒಂದೊಂದು ತಾಟಿಗೂ ಬೇರೆಬೇರೆಯಾಗಿ ನಮಸ್ಕಾರ ಸಲ್ಲಿಸುತ್ತೇನೆ. ತಾವೆಲ್ಲ ಸುಖವಾಗಿದ್ದೀರೆಂದು ತಮ್ಮ ಜಾಹೀರಾತಿನಲ್ಲಿ ಹಲ್ಲು ಕಿರಿದು ಊಟ ಮಾಡುತ್ತಿರುವ ಕುಟುಂಬವನ್ನು ನೋಡಿ ತಿಳಿದುಕೊಂಡಿದ್ದೇನೆ. ನಮ್ಮ ಕಡೆಯ ಕ್ಷೇಮ ಬರೆಯೋಣವೆಂದರೆ, ನನ್ನ ಹೆಂಡತಿ ಶಿವಗಂಗವ್ವ ಹುಕ್ಕೇರಿಯ ತವರಿಗೆ ಹೋಗಿ ಕೂತಿದ್ದಾಳೆ, ಯಾವಾಗ ಬರುತ್ತಾಳೆಂದು ಹೇಳಿಲ್ಲ, ಬರುತ್ತಾಳೆಂದೂ ಹೇಳಿಲ್ಲ. ಇದಕ್ಕೆ ತಮ್ಮ ತಾಟುಗಳೇ ಕಾರಣ.

ಗೋಕಾಕದ ಪೇಟೆಯಲ್ಲಿ ತಮ್ಮ ಮಾಲು ಮಾರುವ ಅಂಗಡಿಯವರು ನನ್ನ ಕಣ್ಣೆದುರೇ ಒಂದು ತಾಟನ್ನು ಎತ್ತರದಿಂದ ನೆಲಕ್ಕೆ ಬಿಟ್ಟರು. ಅದು ಹತ್ತಿಯ ಹಾಗೆ ಬಿತ್ತು. ಒಡೆಯಲಿಲ್ಲ, ಉಸಿರೆತ್ತಲಿಲ್ಲ. ಇಂಥ ಸಂಸ್ಕಾರವಂತ ತಾಟನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲವಾದ್ದರಿಂದ, ಮರುದಿನವೇ ಮನೆಯ ಹಳೆಯ ಸ್ಟೀಲಿನ ತಾಟು, ವಾಟಿ, ಮುಚ್ಚಳ, ಸೌಟುಗಳನ್ನೆಲ್ಲ ಚೀಲದಲ್ಲಿ ತುಂಬಿ ಕೊಟ್ಟು, ಬದಲಿಗೆ ತಮ್ಮ ಗುಲಾಬಿ ಹೂವಿನ ಸೆಟ್ಟನ್ನು ಹೊತ್ತು ತಂದೆ. ಸದ್ದು ಮಾಡುವುದಿಲ್ಲವೆಂದು ತಾವು ಡಬ್ಬಿಯ ಮೇಲೆ ಬರೆದದ್ದು ಅಕ್ಷರಶಃ ನಿಜ. ನನ್ನ ತಕರಾರೂ ಅದೇ.

ತಾವು ದೊಡ್ಡವರು, ತಮ್ಮ ಮನೆಗಳಲ್ಲಿ ಗಂಡಹೆಂಡಿರು ಎದುರುಬದುರು ಕೂತು ಮಾತಾಡುತ್ತಿರಬಹುದು. ನಮ್ಮಲ್ಲಿ ಆ ಕೆಲಸವನ್ನು ಪಾತ್ರೆಗಳು ನೋಡಿಕೊಳ್ಳುತ್ತಿದ್ದವು. ಊಟದ ತಾಟು ನೆಲಕ್ಕೆ ತಾಗಿ ತುಸು ಗುಂಯ್ ಎಂದರೆ ಗ್ಯಾಸ್ ಮುಗಿಯಲಿಕ್ಕೆ ಬಂದಿದೆ. ಮುಚ್ಚಳ ಕೈಜಾರಿ ಬಿದ್ದು, ಬಹಳ ಹೊತ್ತು ತನ್ನ ಸುತ್ತ ತಾನೇ ತಿರುಗಿ ನಿಂತರೆ ನಮ್ಮ ತಾಯಿ ಉದ್ದವ್ವ ಬೆಳಿಗ್ಗೆ ಏನೋ ಅಂದಿದ್ದಾಳೆ. ಸೌಟು ಪಾತೇಲಿಯ ಅಂಚಿಗೆ ಬಡಿದರೆ ನನ್ನ ಅಕ್ಕತಂಗಿಯರ ವಿಷಯ. ಎಲ್ಲವೂ ಕೂಡಿ ಒಮ್ಮೆಲೇ ಬಿದ್ದರೆ, ತಪ್ಪು ಯಾವುದೆಂದು ಕೇಳದೆ ಕುರಿಗಳ ಕಡೆ ಹೋಗಿ ಕತ್ತಲಾಗುವವರೆಗೆ ಅಲ್ಲೇ ಇರಬೇಕು. ನಮ್ಮ ನಾಯಿಗೂ ಇದು ತಿಳಿದಿತ್ತು, ಅದು ನನಗಿಂತ ಮೊದಲೇ ಹೊರಟುಬಿಡುತ್ತಿತ್ತು. ಓಣಿಯ ಜನ ಕೂಡ ನಮ್ಮ ಅಡುಗೆಮನೆಗೆ ಕಿವಿಗೊಟ್ಟು, ಚಹಾಕ್ಕೆ ಬರಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಿದ್ದರು.

ತಮ್ಮ ತಾಟುಗಳು ಬಂದ ಮೇಲೆ ಮನೆಯಲ್ಲಿ ಶಾಂತಿ ನೆಲೆಸಿತು. ಎಂಥ ಶಾಂತಿಯೆಂದರೆ ನಾಯಿ ಊಟ ಬಿಟ್ಟಿತು. ಪಕ್ಕದ ಮನೆಯ ಮಲ್ಲೇಶ ಹೊತ್ತಲ್ಲದ ಹೊತ್ತಿನಲ್ಲಿ ಚಹಾಕ್ಕೆ ಬಂದು, ತಪ್ಪಿಗೆ ತಕ್ಕಂಥ ಚಹಾ ಕುಡಿದು ಹೋದ. ಕಿವಿ ಕೈಕೊಟ್ಟಿತೆಂದು ನಾನು ಕಣ್ಣಿನಿಂದ ತಿಳಿಯಲು ಹೊರಟೆ. ಶಿವಗಂಗವ್ವ ಹುಬ್ಬು ಏರಿಸಿದಳೆಂದು ಗಡ್ಡ ಬೋಳಿಸಿಕೊಂಡು ಬಂದೆ, ಅವಳು ಗೋಡೆಯ ಹಲ್ಲಿ ನೋಡುತ್ತಿದ್ದಳಂತೆ. ಅವಳು ಮೂಗು ಒರೆಸಿಕೊಂಡಳೆಂದು ಮಾವನವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ, ಅವಳಿಗೆ ನೆಗಡಿ ಆಗಿತ್ತು. ಮಾವನವರು ಮಾತ್ರ ಯಾವುದಕ್ಕೆ ಕ್ಷಮೆಯೆಂದು ಈಗಲೂ ವಿಚಾರಿಸುತ್ತಿದ್ದಾರೆ. ರೊಟ್ಟಿ ಬಡಿಯುವ ಸದ್ದೊಂದಾದರೂ ಉಳಿದಿದೆಯಲ್ಲ ಎಂದು ಅಡುಗೆಮನೆಯ ಬಾಗಿಲಿಗೆ ಕಿವಿ ಹಚ್ಚಿ ಕೂತೆ. ಆದರೆ ರೊಟ್ಟಿಯನ್ನು ಸಿಟ್ಟಿದ್ದರೂ ಬಡಿಯಬೇಕು, ಸಿಟ್ಟಿಲ್ಲದಿದ್ದರೂ ಬಡಿಯಬೇಕು, ಅದರಿಂದ ಏನೂ ಗೊತ್ತಾಗುವುದಿಲ್ಲ.

ಹೀಗಿರುವಾಗ ಹುಕ್ಕೇರಿಯಲ್ಲಿ ಅವಳ ತಂಗಿ ಅನ್ನಪೂರ್ಣಾಳ ಕುಬಸ, ಅಂದರೆ ಸೀಮಂತ, ಬಂತು. ಚೊಚ್ಚಲ ಬಸುರಿ, ಹೆತ್ತ ತಾಯಿ ಇಲ್ಲದವಳು. ಅಕ್ಕ ಮತ್ತು ಭಾವ ಜೋಡಿಯಾಗಿ ಹೋಗಿ ಉಡುಗೊರೆ ಕೊಟ್ಟು ಆಯೇರಿ ಮಾಡಬೇಕು, ಅಕ್ಕನೇ ಹಸಿರು ಬಳೆ ತೊಡಿಸಬೇಕು. ಆ ದಿನ ನಾನು ಕೌಜಲಗಿಗೆ ಟಗರು ನೋಡಲು ಹೋಗಿದ್ದೆ. ಸಂಜೆ ಬಂದಾಗ ಅವಳು ಹೊಸ ಸೀರೆ ಉಟ್ಟು, ಬಳೆಯ ಡಬ್ಬಿ ಮಗ್ಗುಲಲ್ಲಿಟ್ಟುಕೊಂಡು ಕೂತಿದ್ದಳು. ಎದ್ದು ಊಟಕ್ಕೆ ಬಡಿಸಿದಳು, ತಾಟು ಇಟ್ಟಳು. ಈಗ ಅನಿಸುತ್ತದೆ, ಆ ತಾಟನ್ನು ಅವಳು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಇಟ್ಟಿರಬೇಕು. ತಮ್ಮ ತಾಟು ಅದನ್ನು ಪೂರ್ತಿಯಾಗಿ ನುಂಗಿಕೊಂಡಿತು. ನಾನು ಬದನೆಕಾಯಿ ಪಲ್ಯ ಬಹಳ ರುಚಿಯಾಗಿದೆಯೆಂದು ಹೊಗಳಿ, ಟಗರಿನ ಕೊಂಬಿನ ಬಗ್ಗೆ ವಿವರವಾಗಿ ಹೇಳಿ, ಮಲಗಿಬಿಟ್ಟೆ.

ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಾಗ, ನನಗೆ ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ಅದಕ್ಕೆ ಅವಳು, "ಹೇಳಿದ್ನೆಲ್ರಿ, ಬಾಯಿಲೇನ ಹೇಳಿದ್ನಿ. ಬಾಯಿಲೆ ಹೇಳಿದ್ದು ನಿಮಗ ಯಾವತ್ತರೆ ಕೇಳಿಸೈತೇನು? ಕೇಳಂಗಿಲ್ಲಂತನ ಇಷ್ಟ ವರ್ಷ ತಾಟ ಬಡದೇನಿ" ಎಂದಳು. ಮಾನ್ಯರೇ, ಈ ಹೇಳಿಕೆಯನ್ನು ತಾವು ದಯವಿಟ್ಟು ಗಮನಿಸಬೇಕು. ಸಂಸಾರಕ್ಕೆ ಸದ್ದಿನ ತಾಟು ಎಷ್ಟು ಅವಶ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ನಮ್ಮ ತಾಯಿಯೂ ಹೊಸ್ತಿಲಲ್ಲಿ ಕೂತು, "ನನಗ ಕಿವಿ ಮಂದ ಐತಿ. ಅಕಿ ಹೇಳಿದ್ದು ನನಗೂ ಕೇಳಿಸಿತ್ತಲ್ಲೋ ಸತ್ಯಾ" ಎಂದಳು. ಮುದುಕಿಯ ಈ ಮಾತಿಗೂ ತಕರಾರಿಗೂ ಸಂಬಂಧವಿಲ್ಲ, ಏನನ್ನೂ ಮುಚ್ಚಿಡಬಾರದೆಂದು ಬರೆದಿದ್ದೇನೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇಡುವವರ ಸಿಟ್ಟಿಗೆ ತಕ್ಕಂತೆ ಬಿಸಿಯಾಗುವ ತಾಟನ್ನಾದರೂ ತಯಾರಿಸಿರಿ, ಕೈ ಸುಟ್ಟರೂ ಚಿಂತೆಯಿಲ್ಲ, ವಿಷಯ ತಿಳಿದರೆ ಸಾಕು. ಅದಾಗದಿದ್ದರೆ, ಆಕೆ ತಾಟು ಇಟ್ಟಾಗಲೆಲ್ಲ ಮೂಲೆಯಲ್ಲಿ ನಿಂತು ಯೋಗ್ಯ ಪ್ರಮಾಣದಲ್ಲಿ ಜಾಗಟೆ ಬಾರಿಸಲು ತಮ್ಮ ಕಂಪನಿಯ ನೌಕರನೊಬ್ಬನನ್ನು ನಮ್ಮ ಮನೆಗೆ ಕಾಯಂ ಆಗಿ ಕಳಿಸಿರಿ, ಅವನ ಊಟದ ವ್ಯವಸ್ಥೆ ನಮ್ಮದು. ಅದೂ ಆಗದಿದ್ದರೆ, ಹುಕ್ಕೇರಿಯ ಆ ಕುಬಸವನ್ನು ಇನ್ನೊಮ್ಮೆ, ಹಿಂದಿನ ವಾರಕ್ಕೇ ಇಟ್ಟುಕೊಡುವ ಏರ್ಪಾಡು ಮಾಡಿರಿ. ನಾನು ಈ ಸಲ ಖಂಡಿತ ಹೋಗುತ್ತೇನೆ. ಖರೆ ಹೇಳಬೇಕೆಂದರೆ ಆಕೆ ಇಲ್ಲದ ಮನೆ ನನಗೆ ಸೇರುವುದಿಲ್ಲ.

ತಮ್ಮ ಮೌನವನ್ನೇ ಉತ್ತರವೆಂದು ತಿಳಿಯುವ ಶಕ್ತಿ ಈಗ ನನ್ನಲ್ಲಿ ಉಳಿದಿಲ್ಲವಾದ್ದರಿಂದ, ಬಾಯಿಬಿಟ್ಟು ಉತ್ತರಿಸಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ಸತ್ಯಪ್ಪ, ಮಸಗುಪ್ಪಿ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕದೆ ಜೇಬಿನಲ್ಲಿಟ್ಟುಕೊಂಡು ನಾನೇ ಹುಕ್ಕೇರಿಗೆ ಬಂದಿದ್ದೇನೆ. ಬರುವಾಗ ಗೋಕಾಕದಲ್ಲಿ ಇಳಿದು, ಬೇರೆ ಅಂಗಡಿಯಲ್ಲಿ, ದಪ್ಪ ಸ್ಟೀಲಿನ ತಾಟೊಂದನ್ನು ಬಡಿದು ಬಡಿದು ನೋಡಿ, ಅಂಗಡಿಯವರು ಕಿವಿ ಮುಚ್ಚಿಕೊಂಡ ಮೇಲೆಯೇ ಖರೀದಿಸಿದೆ. ಅದನ್ನು ಶಿವಗಂಗವ್ವನ ಕೈಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು, ತೊಳೆದಳು, ರೊಟ್ಟಿ ಪಲ್ಯ ಬಡಿಸಿ ತಂದು, ನನ್ನ ಮುಂದಿನ ಫರಸಿ ಕಲ್ಲಿನ ನೆಲದ ಮೇಲೆ, ಮಲಗಿದ ಕೂಸನ್ನು ಇಡುವ ಹಾಗೆ ಇಟ್ಟು ಒಳಗೆ ಹೋದಳು. ಒಂದಿಷ್ಟೂ ಸದ್ದಾಗಲಿಲ್ಲ. ಈ ತಾಟು ತಮ್ಮ ಕಂಪನಿಯದಲ್ಲ. ಹಾಗಾದರೆ ಇದರ ಅರ್ಥವೇನೆಂದು ಮರುಟಪಾಲಿಗೆ ತಿಳಿಸಬೇಕು. ಅಲ್ಲಿಯವರೆಗೆ ನಾನು ಊಟಕ್ಕೆ ಕೈ ಹಚ್ಚುವುದಿಲ್ಲ. ಅವಳನ್ನೇ ಕೇಳಬಹುದಿತ್ತು, ಒಳಗಿನಿಂದ ಏನೋ ಹೇಳುತ್ತಲೂ ಇದ್ದಾಳೆ, ಆದರೆ ಪತ್ರ ಬರೆಯುವ ಗಡಿಬಿಡಿಯಲ್ಲಿ ನನಗೆ ಸರಿಯಾಗಿ ಕೇಳಿಸುತ್ತಿಲ್ಲ.