ಮೀನಿನ ಔಷಧವೂ ಅಮೆರಿಕದ ಗ್ಯಾಲನ್ನೂ

ಶಾಸನಗಳಲ್ಲಿ ಬರುವ ಕೊಳಗ, ಬಳ್ಳ, ಮಾನಗಳ ಪ್ರಮಾಣ ನಿರ್ಣಯಿಸುವುದರಲ್ಲೇ ಆಯುಷ್ಯ ಸವೆಸಿದವನು ನಾನು. ಆ ಕಾರಣ ಅಬ್ಬಿಗೆರೆಯ ನಮ್ಮ ಬೀದಿಯಲ್ಲಿ ಯಾರಿಗೆ ಯಾವ ಅಳತೆ ತಿಳಿಯದಿದ್ದರೂ ನನ್ನ ಬಾಗಿಲನ್ನೇ ತಟ್ಟುತ್ತಾರೆ. ನನ್ನ ಉತ್ತರ ತಪ್ಪಾದ ಮೇಲೂ ತಟ್ಟುತ್ತಾರೆ.

ಇತ್ತೀಚೆಗೆ ತಟ್ಟಿದವರು ನಮ್ಮ ಮನೆಯ ಮಾಲೀಕರು. ಅವರ ಹಜಾರದ ಗಾಜಿನ ತೊಟ್ಟಿಯಲ್ಲಿರುವ ದೊಡ್ಡ ಮೀನಿನ ಮೈಮೇಲೆ ಬಿಳಿ ಚುಕ್ಕೆ ಎದ್ದಿತ್ತು. ಆ ಮೀನು ಬಂದ ಮೇಲೆಯೇ ಮೂರು ಮಹಡಿಗೂ ಬಾಡಿಗೆದಾರರು ದೊರೆತರೆಂಬುದು ಅವರ ಸಿದ್ಧಾಂತ. ಎಂದರೆ ನಾನೂ ಮೀನಿನ ಪ್ರಸಾದವೇ. ಔಷಧ ಅಮೆರಿಕದ್ದು. ಹತ್ತು ಗ್ಯಾಲನ್ ನೀರಿಗೆ ಒಂದು ಔನ್ಸ್ ಎಂದು ಸೀಸೆಯ ಮೇಲಿತ್ತು. ಹೆಚ್ಚಾದರೆ ಮೀನು ಹೋಗುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ.

೧. ತೊಟ್ಟಿ

ಮೊದಲು ತೊಟ್ಟಿಯಲ್ಲಿ ನೀರೆಷ್ಟೆಂದು ತಿಳಿಯಬೇಕಷ್ಟೆ. ಉದ್ದ, ಅಗಲ, ಎತ್ತರಗಳನ್ನು ಗುಣಿಸಲು ನಾನು ಕಾಗದ ತೆಗೆದೆ.

"ತುಂಬ್ಸಿದ್ದು ನಾನು ಮೇಷ್ಟ್ರೇ. ಹದಿನೈದು ಬಿಂದಿಗೆ," ಎಂದರು ಮಾಲೀಕರ ಪತ್ನಿ.

"ಬಿಂದಿಗೆಗೆ ಎಷ್ಟು ಲೀಟರಮ್ಮಾ?"

"ಅದೇನ್ ಹಾಲಾ, ಲೀಟರ್ ಲೆಕ್ಕ ಇಡಕ್ಕೆ?"

ಕಡೆಗೆ ಅರ್ಧ ಲೀಟರಿನ ಹಾಲಿನ ಕವರಿನಲ್ಲಿ ನೀರು ಹಿಡಿದು ಬಿಂದಿಗೆಗೆ ಸುರಿದೆವು. ಇಪ್ಪತ್ತನಾಲ್ಕು ಕವರು ಹಿಡಿಸಿತು. ಅರ್ಧ ಗಂಟೆಯ ಶ್ರಮದ ಬಳಿಕ, ತೊಟ್ಟಿಯಲ್ಲಿರುವುದು ನೂರೆಂಬತ್ತು ಲೀಟರೆಂದು ಘೋಷಿಸಿದೆ.

"ನೋಡಿದ್ರಾ, ನಾನ್ ಹೇಳಿದ್ದೇ ಸರಿ ಆಯ್ತು. ಹದಿನೈದು ಬಿಂದಿಗೆ."

೨. ಗ್ಯಾಲನ್

"ಗ್ಯಾಲನ್ನಿಗೆ ನಾಲ್ಕೂವರೆ ಲೀಟರು. ಆದ್ದರಿಂದ ನಲವತ್ತು ಗ್ಯಾಲನ್, ನಾಲ್ಕು ಔನ್ಸ್," ಎಂದು ನಾನು ತೀರ್ಪಿತ್ತೆ. ಬೆತ್ತದ ಸಹಾಯದಿಂದ ಬಾಲ್ಯದಲ್ಲಿ ಕಲಿತ ವಿದ್ಯೆ ಅದು; ಮರೆಯುವುದುಂಟೆ?

ಮಾಲೀಕರು ನನ್ನ ಮೇಲಿನ ಅಪಾರ ಗೌರವದಿಂದ ಮೀನಿನ ಅಂಗಡಿಯವನಿಗೆ ಫೋನ್ ಮಾಡಿ ವಿಚಾರಿಸಿದರು.

"ಸಾ, ನಿಮ್ದು ಬ್ರಿಟಿಷ್ನೋರ್ ಗ್ಯಾಲನ್ನಂತೆ. ಅಮೆರಿಕದ್ದು ಚಿಕ್ದು, ಮೂರೂ ಮುಕ್ಕಾಲು ಲೀಟರ್ ಚಿಲ್ರೆ. ನಲವತ್ತೇಳೂವರೆ ಗ್ಯಾಲನ್ ಆಯ್ತದಂತೆ, ಔಷ್ದಿ ನಾಲ್ಕೂ ಮುಕ್ಕಾಲು ಔನ್ಸು."

ನನ್ನ ಲೆಕ್ಕದಲ್ಲಿ ರೋಗ ಉಳಿದುಕೊಳ್ಳುತ್ತಿತ್ತು. ನಾನು ಕಾಗದ ಮಡಿಸಿದೆ. ಮಾಲೀಕರು ಅಷ್ಟಕ್ಕೇ ಬಿಡಲಿಲ್ಲ.

"ಅವ್ರು ದೇಶ ಬಿಟ್ಟೋಗಿ ಎಷ್ಟ್ ಕಾಲ ಆಯ್ತು ಸಾ. ನೀವಿನ್ನೂ ಅವ್ರ ಪಾತ್ರೆ ಹಿಡ್ಕೊಂಡ್ ಕೂತಿದೀರಲ್ಲ."

೩. ಔನ್ಸ್

ಸೋತವನಿಗೆ ಎಚ್ಚರ ಹೆಚ್ಚು. "ಔನ್ಸಿಗೂ ಎರಡು ದೇಶಗಳಿದ್ದಾವು. ತಾಳಿ, ನಿಘಂಟು ನೋಡುತ್ತೇನೆ," ಎಂದೆ.

"ಅದಕ್ಯಾಕ್ ಸಾ ಪುಸ್ತಕ? ಔನ್ಸು ಅಂದ್ರೆ ಮೂವತ್ತು ಎಂಎಲ್ಲು," ಎಂದವರೇ ಮಾಲೀಕರು ತಮ್ಮ ಸ್ಕೂಟರಿನ ಡಿಕ್ಕಿಯಿಂದ ಪುಟ್ಟದೊಂದು ಸ್ಟೀಲಿನ ಅಳತೆಯ ಲೋಟ ತಂದರು. ಕೈ ನಡುಗದೆ, ಹನಿ ಚೆಲ್ಲದೆ ನಾಲ್ಕು ಬಾರಿ ತುಂಬಿ ಸುರಿದರು. ಐದನೆಯದನ್ನು ಕಣ್ಣಳತೆಯಲ್ಲೇ ಮುಕ್ಕಾಲಿಗೆ ನಿಲ್ಲಿಸಿದರು. ಇಂಥ ಹಸ್ತಕೌಶಲವನ್ನು ನಾನು ಯಾವ ವೈದ್ಯನಲ್ಲೂ ಕಂಡವನಲ್ಲ.

ಮೀನು ವಾರದೊಳಗೆ ಚೇತರಿಸಿಕೊಂಡಿತೆಂದು ಮೊದಲೇ ತಿಳಿಸಿಬಿಡುತ್ತೇನೆ. ಮಾಲೀಕರ ವಿಷಯದಲ್ಲಿ ಅಂಥ ಭರವಸೆ ಕೊಡಲಾರೆ. ಏಕೆಂದರೆ ಅಡುಗೆಮನೆಯ ಬಾಗಿಲಲ್ಲಿ ಅವರ ಪತ್ನಿ ನಿಂತಿದ್ದರು. ಗಂಡ ಕುಡಿತ ಬಿಟ್ಟು ಎರಡು ವರ್ಷವಾಯಿತೆಂದು ಬೀದಿಗೆಲ್ಲ ಸಿಹಿ ಹಂಚಿದ್ದವರು ಆಕೆಯೇ.

ಆಕೆ ಲೋಟವನ್ನು ನೋಡಿದರು, ಗಂಡನನ್ನು ನೋಡಿದರು, ಕಡೆಗೆ ತೊಟ್ಟಿಯತ್ತ ತಿರುಗಿ ತಣ್ಣಗೆ ಕೇಳಿದರು:

"ಮೀನಿಗೆ ನೀರೇ ಸಾಕೇನ್ರೀ, ಸೋಡಾ ತರಿಸ್ಲಾ?"