ತೂಗುಮಂಚದ ಫೋಟೋ ಮತ್ತು ನನ್ನ ಅಂಗಾಲು

ಜನರ ಮನೆಗೆ ಹೋಗಿ, ಇಡೀ ದಿನ ಅಲ್ಲೇ ಇದ್ದು, ಅವರು ಹೇಗಿರುತ್ತಾರೋ ಹಾಗೇ ಫೋಟೋ ತೆಗೆಯುವುದು ನನ್ನ ಕೆಲಸ. ಮುಂದೆ ಮರಿಮಕ್ಕಳು ನೋಡಿದಾಗ ಹಿರಿಯರು ನಿಜವಾಗಿ ಹೇಗೆ ಬದುಕಿದ್ದರೆಂದು ತಿಳಿಯಬೇಕು. ನನ್ನವು ಮೂರೇ ರೂಲು: ಯಾರನ್ನೂ ಕೂರಿಸುವುದಿಲ್ಲ, ಯಾರನ್ನೂ ನಗಿಸುವುದಿಲ್ಲ, ತೆಗೆದದ್ದನ್ನು ತಿದ್ದುವುದಿಲ್ಲ. ಅವನ್ನು ಮುರಿಯುವ ಹೊಣೆಯನ್ನು ಹುಬ್ಬಳ್ಳಿ-ಧಾರವಾಡದ ಮಂದಿ ತಾವಾಗಿಯೇ ಹೊತ್ತುಕೊಂಡಿದ್ದಾರೆ. ವಾರಕ್ಕೊಂದಾದರೂ ಫಜೀತಿ ಆಗದೆ ಇರುವುದಿಲ್ಲ. ದೇಶಪಾಂಡೆ ನಗರದ ಒಂದು ಮನೆಯಲ್ಲಿ ಮಾತ್ರ ತಿಂಗಳದ್ದೆಲ್ಲ ಒಂದೇ ದಿನ ಆಗಿಹೋಯಿತು.

೧. ದಿನಾ ಇದ್ದಂಗ

ನನ್ನನ್ನು ಕರೆದದ್ದು ಆ ಮನೆಯ ಸೊಸೆ. "ಅತ್ತಿ-ಮಾವನವರು ಕೂಡಿ ಇರೋ ಫೋಟೋ ಅಂದ್ರ ಮದುವಿದೊಂದ ಐತ್ರಿ" ಎಂದಿದ್ದರು. "ದಿನಾ ಹೆಂಗ ಇರತೀರೋ ಹಂಗ ಇರ್ರಿ, ಏನೂ ಬದಲಿ ಮಾಡಬ್ಯಾಡ್ರಿ" ಎಂದು ನಾನು ಫೋನಿನಲ್ಲಿ ಮೂರು ಸಲ ಹೇಳಿದ್ದೆ.

ಬೆಳಿಗ್ಗೆ ಏಳಕ್ಕೆ ಹೋದೆ. ಸೊಸೆ ಹೊಸ ಇಳಕಲ್ ಸೀರೆ ಉಟ್ಟು ಕಸ ಗುಡಿಸುತ್ತಿದ್ದರು. ಅರಳೆ ವ್ಯಾಪಾರ ಬಿಟ್ಟು ಮನೆಯಲ್ಲೇ ಇರುವ ಅಜ್ಜ ಕೋಟು ಹಾಕಿಕೊಂಡು ಹಲ್ಲುಜ್ಜುತ್ತಿದ್ದರು. ಫೋಟೋದಲ್ಲಿ ಎದ್ದು ಕಾಣಲೆಂದು ಹೊಸ್ತಿಲಿಗೆ ಬಳಿದ ಅರಿಸಿನ-ಕುಂಕುಮ ನೆಲಕ್ಕೂ ಇಳಿದಿತ್ತು. ಬೂಟು ಬಿಚ್ಚಿ, ಹೊಸ್ತಿಲು ದಾಟಿ ಕಾಲಿಟ್ಟೆ. ಅಂಗಾಲೆಲ್ಲ ಹಳದಿ, ಕೆಂಪು.

"ದಿನಾ ಹಿಂಗ ಇರತೀರೇನ್ರಿ?"

"ಹ್ಞೂಂ ರಿ, ದಿನಾ ಹಿಂಗ" ಎಂದರು ಸೊಸೆ. ಅಷ್ಟರಲ್ಲಿ ಸೀರೆಗೆ ಅಂಟಿಸಿದ್ದ ಅಂಗಡಿಯ ಚೀಟಿ ಕೆಳಗೆ ಬಿತ್ತು. ಅದನ್ನೂ ಗುಡಿಸಿಬಿಟ್ಟರು.

೨. ಸೋಫಾದ ಮಾಲೀಕರು

ಪಡಸಾಲೆಯಲ್ಲಿ ಒಂದು ಕಡೆ ತೂಗುಮಂಚ, ಅದರ ಎದುರಿಗೆ ದೊಡ್ಡ ಸೋಫಾ. ಸೋಫಾದ ಅಂಚಿಗೆ ಒಬ್ಬರು ಪೇಪರ್ ಹಿಡಿದು ಕುಳಿತಿದ್ದರು.

"ನಿಮ್ಮ ತಮ್ಮಾರೇನ್ರಿ?" ಎಂದು ಅಜ್ಜನನ್ನು ಕೇಳಿದೆ.

"ಅಲ್ರಿ, ಬಾಜೂ ಮನಿಯವರು. ಸೋಫಾ ಅವರದು. ಫೋಟೋದಾಗ ಛಲೋ ಕಾಣತೈತಿ ಅಂತ ಇಸಗೊಂಡು ಬಂದೇವಿ."

ನೆರೆಯವರು ಪೇಪರ್ ಇಳಿಸಿದರು. "ಹಿಂದಿನ ಕಾಲು ಸಡ್ಲ ಐತ್ರಿ. ನಾ ಮುಂದ ಕುಂತರಷ್ಟ ನಿಂದರತೈತಿ. ನಾ ಇಲ್ಲ ಅಂತ ತಿಳಕೊಂಡು ತಗೀರಿ."

ತೆಗೆದೆ. ಮಧ್ಯಾಹ್ನದವರೆಗೆ ಎಲ್ಲ ಫೋಟೋದಲ್ಲೂ ಅವರೇ. ಅವರಿಲ್ಲದ ಒಂದೇ ಒಂದರಲ್ಲಿ ಅವರ ಚಹಾದ ಕಪ್ಪು. ಕೊನೆಗೆ ಖಡಾಖಂಡಿತ ಹೇಳಿದೆ: "ಇದು ಈ ಮನಿತನದ ದಾಖಲಿ. ನೀವು ಈ ಮನಿಯವರಲ್ಲ. ಏಳ್ರಿ."

"ಏಳತೇನ್ರಿ. ಇನ್ನ ಸೋಫಾದ ಜವಾಬ್ದಾರಿ ನಿಮ್ಮದು" ಎಂದು ಪೇಪರ್ ಮಡಚಿಕೊಂಡು ಎದ್ದರು. ಹೋದದ್ದು ಬಾಗಿಲತನಕ ಮಾತ್ರ. ಅಲ್ಲೇ ನಿಂತು ಮುಂದಿನ ಪುಟ ತೆಗೆದರು.

೩. ಅಜ್ಜಿಯ ಅರ್ಜಿ

ರೊಟ್ಟಿ ಬಡಿಯುತ್ತಿದ್ದ ಅಜ್ಜಿ ನನ್ನನ್ನು ಒಲೆಯ ಹತ್ತಿರ ಕರೆದು ದನಿ ತಗ್ಗಿಸಿದರು.

"ಮದುವಿ ಫೋಟೋ ನೋಡೀರಲ್ಲ? ನಮ್ಮಿಬ್ಬರ ನಡುವ ಎತ್ತಿನ ಚಕ್ಕಡಿ ಹಾಯತೈತಿ. ಐವತ್ತು ವರ್ಷ ಆತು, ಆ ತೂಗುಮಂಚದ ಮ್ಯಾಲೆ ಅವರ ಬಾಜೂ ಒಮ್ಮಿನೂ ಕುಂತಿಲ್ಲ ನಾ. ಜೋಡಿ ಕುಂತು ನಕ್ಕಿದ್ದು ಒಂದ ಒಂದು ಫೋಟೋ ತಗದುಕೊಡ್ರಿ. ಇಲ್ಲಂದ್ರ ಮುಂದಿನ ಹುಡುಗ್ರು, ಇವರು ಬರೇ ಜಗಳ ಆಡಕೋತ ಸತ್ರು ಅಂತಾರ."

"ನಾನು ಯಾರನ್ನೂ ಕೂರಿಸುವುದಿಲ್ಲ, ನಗಿಸುವುದಿಲ್ಲ" ಎಂದು ಶುರು ಮಾಡಿದೆ.

ನನ್ನ ತಾಟಿಗೆ ಬಿಸಿ ರೊಟ್ಟಿ ಬಿತ್ತು. "ಮೊದಲ ಉಣ್ರಿ. ರೂಲ್ ಆಮ್ಯಾಲೆ ಹೇಳೀರಂತ."

ಊಟವಾದ ಮೇಲೆ ಅಜ್ಜಿ ತಾವೇ ತೂಗುಮಂಚದ ಮೇಲಿದ್ದ ಅಜ್ಜನನ್ನು ಕೇಳಿದರು: "ಇಲ್ಲೇ ಬಾಜೂ ಕುಂದರ್ಲೇನ್ರಿ?"

"ಮಂದಿ ಮುಂದ?"

"ಯಾವ ಮಂದಿ?"

ಅಜ್ಜ ನನ್ನ ಕಡೆ ಬೆರಳು ತೋರಿಸಿದರು. ಇಲ್ಲದವನಂತೆ ಇರುವುದೇ ನನ್ನ ವೃತ್ತಿ!

ಅಜ್ಜಿ ನೆಲದ ಮೇಲೆ ಕುಳಿತು ಶೇಂಗಾ ಸುಲಿಯತೊಡಗಿದರು. ನನಗೂ ಕೆಟ್ಟೆನಿಸಿತು. ಆದರೆ ರೂಲು ರೂಲೇ. ಕ್ಯಾಮೆರಾ ಎತ್ತಿದೆ. ತೂಗುಮಂಚ ತೂಗುತ್ತಿತ್ತು, ಅದರ ಮೇಲೆ ಅಜ್ಜ ಮಾತ್ರ ಅಟೆನ್ಶನ್.

೪. ಪಾದ

ಅಜ್ಜನ ಕಣ್ಣಿಗೆ ಬೀಳದಷ್ಟು ಎತ್ತರಕ್ಕೆ ಹೋದರೆ ಸಡಿಲಾದಾರು ಎನಿಸಿತು. ಸದ್ದಿಲ್ಲದೆ ಸೋಫಾ ಹತ್ತಿ ಅದರ ಬೆನ್ನಿನ ಮೇಲೆ ಕುಳಿತೆ. ಹಿಂದಿನ ಕಾಲು ಸಡಿಲ ಎಂಬುದು ನೆನಪಾದದ್ದು ಅದು ಮುರಿದ ಮೇಲೆ.

ಸೋಫಾದ ಸಮೇತ ಹಿಂದಕ್ಕೆ ಮಗುಚಿದೆ. ಬೆನ್ನು ನೆಲಕ್ಕೆ, ಕಾಲು ಆಕಾಶಕ್ಕೆ, ಕ್ಯಾಮೆರಾ ಎದೆಯ ಮೇಲೆ, ಬೆರಳು ಗುಂಡಿಯ ಮೇಲೆ.

"ಅಯ್ಯ ಶಿವನ!" ಎನ್ನುತ್ತ ಅಜ್ಜಿ ಎದ್ದರು. ಆಕಾಶಕ್ಕೆ ಚಾಚಿದ್ದ ನನ್ನ ಅರಿಸಿನ-ಕುಂಕುಮದ ಅಂಗಾಲು ಕಂಡದ್ದೇ ತಡ, ನಗು ಒತ್ತರಿಸಿ ಬಂದು ಕಾಲಿನ ಬಲ ಹೋಯಿತು. ಸಿಕ್ಕಲ್ಲಿ ಕುಸಿದು ಕುಳಿತರು. ಸಿಕ್ಕದ್ದು ತೂಗುಮಂಚ. "ಮೊದಲ ಅವರನ್ನ ಎಬ್ಬಸು" ಎಂದ ಅಜ್ಜನೂ ನಗು ತಡೆಯಲಾಗದೆ ಹೆಂಡತಿಯ ಭುಜವನ್ನೇ ಹಿಡಿದುಕೊಂಡರು. "ನಾ ಹೇಳಿದ್ದೆ ರಿ!" ಎಂದು ಬಾಗಿಲಿನಿಂದ ನೆರೆಯವರ ದನಿ. ನನ್ನನ್ನು ಎಬ್ಬಿಸಿದವರು ಯಾರೂ ಇಲ್ಲ.

ಫೋಟೋ ಬಂದಿತ್ತು. ಇಬ್ಬರೂ ಜೋಡಿ, ಕಣ್ಣಲ್ಲಿ ನೀರು ಬರುವ ನಗು. ಮುಂದೆ ತಾಟಿನಷ್ಟು ದೊಡ್ಡದಾಗಿ ನನ್ನ ಅಂಗಾಲು.

"ಕಾಲೊಂದು ಅಳಿಸಿಕೊಡ್ರಿ" ಎಂದರು ಸೊಸೆ. ಜೀವನದಲ್ಲಿ ಮೊದಲ ಸಲ ಮೂರನೆಯ ರೂಲು ಮುರಿಯುವ ಆಸೆ ನನಗೂ ಆಯಿತು. ಆದರೂ "ತಿದ್ದುವುದಿಲ್ಲ" ಎಂದೆ. ಮನೆಯವರು ಹಾಗೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ದೇವರ ಪಟಗಳ ಸಾಲಿಗೆ ತೂಗುಹಾಕಿದರು.

ಕೆಲವು ವಾರಗಳ ನಂತರ ಆಲ್ಬಮ್ ಕೊಡಲು ಹೋದೆ. ಹಳ್ಳಿಯಿಂದ ಬಂದ ಬೀಗರೊಬ್ಬರು ಆ ಪಟದ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು.

"ಯಾವ ಮಠದ ಸ್ವಾಮ್ಯಾರ ಪಾದ ರಿ ಇವು? ಪಾದಪೂಜಾ ಭಾಳ ಛಲೋ ಆಗೇತಿ."

ಸತ್ಯ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ತೂಗುಮಂಚದ ಮೇಲೆ, ಅಜ್ಜನ ಬಾಜೂ ಕುಳಿತೇ, ಅಜ್ಜಿ ಉತ್ತರ ಕೊಟ್ಟರು: "ಮಠ ಗೊತ್ತಿಲ್ರಿ. ಪವಾಡ ಮಾತ್ರ ಖರೇ. ಆ ಪಾದ ಮ್ಯಾಲೆದ್ದ ದಿನದಿಂದನ ನನಗ ಇಲ್ಲೆ ಜಾಗಾ ಸಿಕ್ಕೈತಿ."

ಬೀಗರು ನನ್ನ ಕಡೆ ತಿರುಗಿ ಗದರಿದರು: "ಕಂಬದಂಗ ಯಾಕ ನಿಂತೀರಿ? ಕೈ ಮುಗೀರಿ!"

ಮುಗಿದೆ.